ಒಂದು ಕೈಗೆ ಬಿಡುವಿಲ್ಲದಾಗ

ಸಂಜ್ಞಾಭಾಷೆಯಾಡುವವರ ಒಂದು ಕೈಯಲ್ಲಿ ಕೊಡೆಯೋ ಕೂಸೋ ಇದ್ದರೆ ಮಾತು ನಿಂತುಹೋಗುವುದೇ? ನಿಲ್ಲುವುದಿಲ್ಲ. ಎರಡೂ ಕೈಗಳು ಒಂದೇ ಬಗೆಯಾಗಿ ಚಲಿಸುವ ಸಂಜ್ಞೆಯಲ್ಲಿ ಒಂದನ್ನು ಕೈಬಿಟ್ಟರೂ ಅರ್ಥ ಸಾಮಾನ್ಯವಾಗಿ ಕೆಡದು. ಒಂದು ಕೈ ಹಲಗೆಯಂತೆ ಸುಮ್ಮನೆ ನಿಲ್ಲುವ ಸಂಜ್ಞೆಯಾದರೆ ಮೇಜೋ ತೊಡೆಯೋ ಹಲಗೆಯಾಗುತ್ತದೆ. ಕೈಗಳು ಒಂದಾದ ಮೇಲೊಂದು ಸರದಿಯಲ್ಲಿ ಆಡುವ ಸಂಜ್ಞೆಗಳು ಮಾತ್ರ ಇದಕ್ಕೆ ಸುಲಭವಾಗಿ ಒಗ್ಗುವುದಿಲ್ಲ. ಇದನ್ನು ಅರೆಮಾತೆಂದು ತಿದ್ದಹೊರಡುವ ಶಿಕ್ಷಕರು ಆ ಭಾಷೆಯ ನಿಯಮವನ್ನೇ ಅರಿಯರೆಂಬುದು ನನ್ನ ಅಭಿಪ್ರಾಯ.

ಹೆಸರುಗಳನ್ನು ಅಕ್ಷರಕ್ಷರವಾಗಿ ತೋರಿಸುವಾಗ ಮಾತ್ರ ಇತಿಹಾಸ ಅಡ್ಡಬರುತ್ತದೆ. 1620ರಲ್ಲಿ ಮ್ಯಾಡ್ರಿಡ್‌ನಲ್ಲಿ ಹ್ವಾನ್ ಪಾಬ್ಲೊ ಬೊನೆಟ್ ಪ್ರಕಟಿಸಿದ ಬೆರಳಕ್ಷರಮಾಲೆ ಒಂದೇ ಕೈಯದು. ಆ ಪರಂಪರೆ ಪ್ಯಾರಿಸ್ಸಿಗೆ ಬಂದು, ಲೊರಾಂ ಕ್ಲೆರ್ ಎಂಬ ಕಿವುಡ ಅಧ್ಯಾಪಕರೊಡನೆ ಅಮೆರಿಕೆಗೆ ಸಾಗಿತು. 1817ರಲ್ಲಿ ಹಾರ್ಟ್‌ಫರ್ಡ್‌ನಲ್ಲಿ ಶಾಲೆ ತೆರೆಯಿತು. ಅಮೆರಿಕದವರಿಗೆ ಕೊಡೆ ತೊಡಕಲ್ಲ.

ಬ್ರಿಟನ್ನಿನ ದಾರಿ ಬೇರೆ. 1680ರಲ್ಲಿ ಜಾರ್ಜ್ ಡಾಲ್ಗಾರ್ನೊ ಐದು ಸ್ವರಗಳನ್ನು ಎಡಗೈಯ ಐದು ಬೆರಳತುದಿಗಳಲ್ಲಿ ಕೂರಿಸಿದರು. ಎರಡು ಕೈಯ ಬ್ರಿಟಿಷ್ ಅಕ್ಷರಮಾಲೆಯಲ್ಲಿ ಅವು ಇಂದಿಗೂ ಅಲ್ಲಿಯೇ ಇವೆ. ನಮ್ಮ ಭಾರತೀಯ ಸಂಜ್ಞಾಭಾಷೆಯಲ್ಲಿಯೂ ಇಂಗ್ಲಿಷ್ ಅಕ್ಷರಗಳನ್ನು ತೋರಿಸುವುದು ಎರಡು ಕೈಗಳಿಂದಲೇ. ಎಡಗೈಗೆ ಬಿಡುವಿಲ್ಲದಿದ್ದರೆ ಸ್ವರಗಳಿಗೆ ನೆಲೆಯೇ ತಪ್ಪುತ್ತದೆ. ನೋಡುವವರು ಸಂದರ್ಭದಿಂದ, ತುಟಿಯ ಚಲನೆಯಿಂದ ಹೆಸರನ್ನು ಊಹಿಸಿಕೊಳ್ಳಬೇಕು. ಇಲ್ಲವೇ ಕೊಡೆಯನ್ನು ಕೆಳಗಿಡಬೇಕು.