ಚಳಿಗಾಲದ ಖಿನ್ನತೆ ಮತ್ತು ಸಾಲಗುಂದ ಸೀಮೆಯ ಬೆಳಕು

ಹಗಲು ಕುಗ್ಗುವ ತಿಂಗಳುಗಳಲ್ಲಿ ಕವಿದು, ಹಗಲು ಬೆಳೆದಂತೆ ಇಳಿದು, ಮರುವರ್ಷ ಅದೇ ಹೊತ್ತಿಗೆ ಮರುಕಳಿಸುವ ಖಿನ್ನತೆಯನ್ನು ವೈದ್ಯಶಾಸ್ತ್ರ ಋತುಮಾನದ ಖಿನ್ನತೆ ಎಂದು ಗುರುತಿಸುತ್ತದೆ. ಅಮೆರಿಕದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಂಸ್ಥೆಯ ನಾರ್ಮನ್ ರೋಸೆಂಥಾಲ್ ಮತ್ತು ಸಂಗಡಿಗರು 29 ರೋಗಿಗಳ ಅಧ್ಯಯನದಿಂದ 1984ರಲ್ಲಿ ಇದರ ಲಕ್ಷಣಗಳನ್ನು ವಿವರಿಸಿದರು. ಖಿನ್ನತೆ ಎಂದರೆ ನಿದ್ದೆಗೇಡು, ಹಸಿವಿಲ್ಲದಿರುವಿಕೆ ಎಂಬುದು ರೂಢಿಯ ತಿಳಿವಳಿಕೆ. ಇಲ್ಲಿ ಅದು ತಿರುವುಮುರುವು: ರೋಗಿ ಹೆಚ್ಚು ನಿದ್ರಿಸುತ್ತಾನೆ, ಸಿಹಿ ಮತ್ತು ಹಿಟ್ಟಿನ ಪದಾರ್ಥಗಳಿಗೆ ಹಂಬಲಿಸುತ್ತಾನೆ, ತೂಕ ಏರುತ್ತದೆ, ಕೈಕಾಲು ಭಾರವಾಗುತ್ತವೆ.

ಕಾರಣ ಚಳಿಯಲ್ಲ, ಬೆಳಕಿನ ಕೊರತೆ ಎಂಬುದೇ ಇಂದಿನ ಪ್ರಬಲ ವಿವರಣೆ. ಅಕ್ಷಿಪಟಲದಲ್ಲಿ ನೋಟಕ್ಕಿಂತ ಹೆಚ್ಚಾಗಿ ಬೆಳಗು-ಬೈಗಿನ ಅರಿವಿಗೆ ನೆರವಾಗುವ ಕೆಲವು ಜೀವಕೋಶಗಳಿವೆ. ಮೆದುಳಿನಲ್ಲಿರುವ ದೇಹದ ಗಡಿಯಾರಕ್ಕೆ ಹೊತ್ತು ತಿಳಿಸುವವು ಅವೇ; ಕತ್ತಲಲ್ಲಿ ಸ್ರವಿಸುವ ಮೆಲಟೋನಿನ್ ಹಾರ್ಮೋನು ಆ ಗಡಿಯಾರದ ಹಿಡಿತದಲ್ಲಿದೆ. ಸೂರ್ಯ ತಡವಾಗಿ ಹುಟ್ಟುವ ನಾಡುಗಳಲ್ಲಿ ದೇಹದ ಗಡಿಯಾರ ಹಿಂದೆ ಬೀಳುತ್ತದೆ. ಆಗ ಎದ್ದು ಕೆಲಸಕ್ಕೆ ಹೊರಡುವ ಹೊತ್ತು ಶರೀರಕ್ಕೆ ಇನ್ನೂ ರಾತ್ರಿಯಾಗಿರುತ್ತದೆ. ಎಲ್ಲ ರೋಗಿಗಳಿಗೂ ಈ ವಿವರಣೆ ಒಪ್ಪುವುದಿಲ್ಲ. ಆದರೆ ಬೆಳಗಿನ ಬೆಳಕೇ ಏಕೆ ಹೆಚ್ಚು ಗುಣ ಕೊಡುತ್ತದೆ ಎಂಬುದಕ್ಕೆ ಇದರಷ್ಟು ಸರಳ ಉತ್ತರ ಬೇರೊಂದಿಲ್ಲ.

ರಾಯಚೂರು ಜಿಲ್ಲೆ ಸಿಂಧನೂರು ತಾಲ್ಲೂಕಿನ ಸಾಲಗುಂದಕ್ಕೆ ಈ ಹಗಲು-ಬೆಳಕಿನ ಅಳತೆ ಹಚ್ಚಿದರೆ ಚಿತ್ರವೇ ಬೇರೆಯಾಗುತ್ತದೆ. ಸುಮಾರು 15.8 ಡಿಗ್ರಿ ಉತ್ತರ ಅಕ್ಷಾಂಶದ ಈ ಸೀಮೆಯಲ್ಲಿ ವರ್ಷದ ಅತಿ ಚಿಕ್ಕ ಹಗಲೂ 11 ಗಂಟೆ ಮೀರುತ್ತದೆ, ಅತಿ ದೊಡ್ಡದು ಸುಮಾರು 13 ಗಂಟೆ. ಡಿಸೆಂಬರ್ ಕೊನೆಗೆ ಲಂಡನ್ನಿಗೆ ಸಿಗುವುದು ಎಂಟು ಗಂಟೆಗೂ ಕಡಿಮೆ, ಸ್ಟಾಕ್‌ಹೋಮಿಗೆ ಸುಮಾರು ಆರು. ನಾರ್ವೆಯ ಟ್ರೋಮ್ಸೊದಲ್ಲಿ ಆಗ ಸೂರ್ಯ ಹುಟ್ಟುವುದೇ ಇಲ್ಲ. ಮೇಲಾಗಿ ಸಾಲಗುಂದದ ಚಳಿಗಾಲ ಮೋಡವಿಲ್ಲದ, ಹೊಲದಲ್ಲಿ ಕೆಲಸವಿರುವ ಕಾಲ: ಬಿಳಿಜೋಳ, ಕಡಲೆಯ ಹಿಂಗಾರು ಒಂದೆಡೆ, ತುಂಗಭದ್ರಾ ಎಡದಂಡೆ ಕಾಲುವೆಯ ಎರಡನೇ ಭತ್ತ ಇನ್ನೊಂದೆಡೆ. ಬೆಳಕಿನ ಅಳತೆಯಲ್ಲಿ ಬಯಲಿನ ಬಿಸಿಲು ಲಕ್ಷ ಲಕ್ಸ್ ಮುಟ್ಟುತ್ತದೆ. ದೀಪ ಹಚ್ಚಿದ ಕಚೇರಿಯೊಳಗಿನ ಬೆಳಕು ಮುನ್ನೂರು, ಐನೂರರ ಆಸುಪಾಸು. ಎಳ್ಳಮಾವಾಸ್ಯೆ ಬರುವುದೂ ವರ್ಷದ ಅತಿ ಚಿಕ್ಕ ಹಗಲುಗಳ ಸುಮಾರಿಗೇ. ಅಂದು ಮನೆಮಂದಿಯೆಲ್ಲ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ ಚರಗ ಚೆಲ್ಲುತ್ತಾರೆ, ಅಲ್ಲೇ ಕೂಡಿ ಉಣ್ಣುತ್ತಾರೆ. ಅದು ಭೂಮಿತಾಯಿಗೆ ಸಲ್ಲಿಸುವ ಪೂಜೆಯೇ ಹೊರತು ಚಿಕಿತ್ಸೆಯಲ್ಲ. ಆದರೂ ಬಯಲು, ಬಿಸಿಲು, ಬಳಗ ಮೂರೂ ಅಂದು ಒಟ್ಟಿಗೆ ಒದಗುತ್ತವೆ.

ಬೆಳಕು ತಪ್ಪುವ ಬದುಕು ಈ ಭಾಗದಲ್ಲಿ ಇಲ್ಲವೆಂದಲ್ಲ. ಪಕ್ಕದ ಲಿಂಗಸುಗೂರು ತಾಲ್ಲೂಕಿನ ಹಟ್ಟಿ ಚಿನ್ನದ ಗಣಿಯಲ್ಲಿ ಪಾಳಿಯ ಮೇಲೆ ನೆಲದಡಿಗೆ ಇಳಿಯುವವರ ಹಗಲನ್ನು ಅಳೆಯಬೇಕಾದುದು ಅಕ್ಷಾಂಶದಿಂದಲ್ಲ, ಪಾಳಿಯ ವೇಳಾಪಟ್ಟಿಯಿಂದ. ಹತ್ತಿ ಜಿನ್ನಿಂಗ್, ಅಕ್ಕಿ ಗಿರಣಿಗಳ ರಾತ್ರಿ ಪಾಳಿಯವರ ಸ್ಥಿತಿಯೂ ಅದೇ. ಇದು ಋತುವಿಗೆ ಕಟ್ಟುಬಿದ್ದ ಕತ್ತಲೆಯಲ್ಲವಾದ್ದರಿಂದ ಇದಕ್ಕೆ ಚಳಿಗಾಲದ ಖಿನ್ನತೆಯ ಹೆಸರು ಸಲ್ಲದು. ದೇಹದ ಗಡಿಯಾರ ತಪ್ಪುವ ಬಗೆ ಮಾತ್ರ ಸಮೀಪದ್ದು.

ಖಿನ್ನತೆಗೆ ಋತುವಿನ ನಂಟು ಸಾಲಗುಂದದಲ್ಲಿ ಇರುವುದಾದರೆ ಅದನ್ನು ಹುಡುಕಬೇಕಾದದ್ದು ಬೇಸಿಗೆಯಲ್ಲಿ ಮತ್ತು ಕಾಲುವೆಯ ನೀರಿನಲ್ಲಿ. ಬೇಸಿಗೆಯಲ್ಲಿ ಕವಿಯುವ ಖಿನ್ನತೆಯನ್ನು ಥಾಮಸ್ ವೇರ್ ಮತ್ತು ಸಂಗಡಿಗರು 1987ರಲ್ಲಿ ದಾಖಲಿಸಿದರು. ಅದರಲ್ಲಿ ನಿದ್ದೆ ಹಾರುತ್ತದೆ, ಊಟ ಸೇರುವುದಿಲ್ಲ, ಚಡಪಡಿಕೆ ಹೆಚ್ಚು. ಏಪ್ರಿಲ್, ಮೇ ತಿಂಗಳಲ್ಲಿ ಉಷ್ಣತೆ 40 ಡಿಗ್ರಿ ದಾಟುವ, ರಾತ್ರಿಯೂ ಸೆಕೆ ಇಳಿಯದ ಊರಿನಲ್ಲಿ ಈ ಮಾದರಿಯೇ ಹೆಚ್ಚು ಪ್ರಸ್ತುತ. ಎರಡನೆಯದು ಇನ್ನೂ ಸ್ಥಳೀಯ. ಎರಡನೇ ಬೆಳೆಗೆ ನೀರು ಬಿಡುತ್ತಾರೋ ಇಲ್ಲವೋ, ಬಿಟ್ಟ ನೀರು ಕಾಲುವೆಯ ಕೊನೆ ಭಾಗಕ್ಕೆ ತಲುಪುತ್ತದೋ ಇಲ್ಲವೋ ಎಂಬ ಆತಂಕಕ್ಕೂ, ಸಾಲದ ಕಂತಿಗೂ ವರ್ಷದಲ್ಲಿ ಗೊತ್ತಾದ ತಿಂಗಳುಗಳಿವೆ. ತುಂಗಭದ್ರಾ ಅಣೆಕಟ್ಟಿನ 19ನೇ ಗೇಟು 2024ರ ಆಗಸ್ಟ್ 10ರ ರಾತ್ರಿ ಕೊಚ್ಚಿಹೋದಾಗ ಅಚ್ಚುಕಟ್ಟಿನ ಊರುಗಳನ್ನು ಕಾಡಿದ್ದು ಈ ಬಗೆಯ ಚಿಂತೆಯೇ. ಇಂಥ ಸಂಕಟ ವರ್ಷವರ್ಷ ಅದೇ ತಿಂಗಳಲ್ಲಿ ಬಂದರೂ ವೈದ್ಯಕೀಯ ಕೈಪಿಡಿ ಅದನ್ನು ಋತುಮಾನದ ಖಿನ್ನತೆ ಎಂದು ಒಪ್ಪುವುದಿಲ್ಲ. ಪ್ರತಿ ಋತುವಿನಲ್ಲೂ ಎದುರಾಗುವ ಸಾಮಾಜಿಕ ಒತ್ತಡದಿಂದ ಬಂದದ್ದನ್ನು ಅದು ಹೊರಗಿಡುತ್ತದೆ. ನಿಯಮ ಸರಿಯೇ. ಚಳಿಗಾಲದ ಖಿನ್ನತೆಯ ಚಿಕಿತ್ಸೆಗೆ ಬಳಸುವ ಬೆಳಕಿನ ಪೆಟ್ಟಿಗೆಯಿಂದ ಸಾಲದ ಭಾರ ಇಳಿಯುವುದಿಲ್ಲ.

ನಿಜವಾದ ಚಳಿಗಾಲದ ಖಿನ್ನತೆಯನ್ನು ಎದುರಿಸಬೇಕಾದವರು ಉತ್ತರದ ನಾಡುಗಳಲ್ಲಿ ನೆಲೆಸಿದ ಕನ್ನಡಿಗರು. ಮೊದಲ ಒಂದೆರಡು ಚಳಿಗಾಲದ ಜಡತೆಯನ್ನು ಮನೆಯ ನೆನಪು, ಹೊಸ ಕೆಲಸದ ದಣಿವು ಎಂದು ತಳ್ಳಿಹಾಕುವುದು ಸುಲಭ. ಅಲ್ಲಿ ರೂಢಿಯಲ್ಲಿರುವ ಚಿಕಿತ್ಸೆ ಬೆಳಕಿನದು: ಎದ್ದ ಕೂಡಲೇ 10,000 ಲಕ್ಸ್ ಪೆಟ್ಟಿಗೆಯ ಮುಂದೆ ಅರ್ಧ ಗಂಟೆ, ದೀಪವನ್ನೇ ದಿಟ್ಟಿಸದೆ, ದಿನ ತಪ್ಪಿಸದೆ. ಉನ್ಮಾದ-ಖಿನ್ನತೆಯ ಕಾಯಿಲೆ ಇರುವವರಲ್ಲಿ ಇದು ಉನ್ಮಾದವನ್ನು ಕೆರಳಿಸಬಲ್ಲದು, ಕಣ್ಣಿನ ರೋಗ ಇರುವವರಿಗೂ ಎಚ್ಚರ ಬೇಕು. ಆದ್ದರಿಂದ ವೈದ್ಯರ ಸಲಹೆಯಿಲ್ಲದೆ ಪೆಟ್ಟಿಗೆ ಕೊಳ್ಳುವುದು ಜಾಣತನವಲ್ಲ. ಔಷಧಗಳಲ್ಲಿ ಬುಪ್ರೊಪಿಯಾನ್‌ಗೆ ಈ ಖಿನ್ನತೆಯನ್ನು ತಡೆಯುವ ಸಲುವಾಗಿಯೇ ಅಮೆರಿಕ 2006ರಲ್ಲಿ ಅನುಮತಿ ನೀಡಿತು. ಗಮನ ಸೆಳೆಯುವ ಫಲಿತಾಂಶ ವರ್ಮಾಂಟ್ ವಿಶ್ವವಿದ್ಯಾಲಯದ ಕೆಲ್ಲಿ ರೋಹನ್ ಅವರದು. 177 ಜನರಲ್ಲಿ ಬೆಳಕಿನ ಚಿಕಿತ್ಸೆಯನ್ನೂ, ಯೋಚನೆ-ನಡವಳಿಕೆಯನ್ನು ತಿದ್ದುವ ಮಾತಿನ ಚಿಕಿತ್ಸೆಯನ್ನೂ ಹೋಲಿಸಿದಾಗ ಆ ಚಳಿಗಾಲದಲ್ಲಿ ಎರಡೂ ಸಮವಾಗಿ ಗುಣ ಕೊಟ್ಟವು. ಎರಡು ಚಳಿಗಾಲ ಕಳೆದ ಮೇಲೆ ಬೆಳಕು ಪಡೆದವರಲ್ಲಿ ಸುಮಾರು ಶೇ. 46, ಮಾತಿನ ಚಿಕಿತ್ಸೆ ಪಡೆದವರಲ್ಲಿ ಶೇ. 27 ಮಂದಿಗೆ ಖಿನ್ನತೆ ಮರುಕಳಿಸಿತ್ತು. ಕಲಿತ ಅಭ್ಯಾಸ ಮರುವರ್ಷಕ್ಕೂ ಉಳಿಯುತ್ತದೆ, ಪೆಟ್ಟಿಗೆಯನ್ನು ಪ್ರತಿ ಚಳಿಗಾಲವೂ ಹೊಸದಾಗಿ ಹಚ್ಚಬೇಕು.

ಸಾಲಗುಂದದಂಥ ಊರಿಗೆ ಒದಗುವ ನೆರವಿಗೆ ನೆರೆಯಲ್ಲೇ ಒಂದು ಚರಿತ್ರೆಯಿದೆ. ಸಿಂಧನೂರಿಗೆ ತಾಗಿದ ಅಂದಿನ ಬಳ್ಳಾರಿ ಜಿಲ್ಲೆಯಲ್ಲಿ ಬೆಂಗಳೂರಿನ ಮಾನಸಿಕ ಆರೋಗ್ಯ ಸಂಸ್ಥೆ ನಿಮ್ಹಾನ್ಸ್ 1980ರ ದಶಕದ ನಡುವಿನಿಂದ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಕಾರ್ಯಕರ್ತರಿಗೂ ಮಾನಸಿಕ ರೋಗಗಳನ್ನು ಗುರುತಿಸುವ ತರಬೇತಿ ನೀಡಿತು. 1996ರಲ್ಲಿ ದೇಶದಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಆ ಪ್ರಯೋಗವೇ ಮಾದರಿ. 2022ರ ಅಕ್ಟೋಬರಿನಿಂದ ಟೆಲಿ ಮಾನಸ್ ಸಹಾಯವಾಣಿ 14416 ಉಚಿತವಾಗಿ, ಕನ್ನಡದಲ್ಲೂ ದೊರೆಯುತ್ತಿದೆ. ಋತುಮಾನದ ಖಿನ್ನತೆ ಎನ್ನಲು ಕನಿಷ್ಠ ಎರಡು ವರ್ಷ ಅದೇ ಕಾಲದಲ್ಲಿ ಅದು ಬಂದಿರಬೇಕು. ಹಾಗಾಗಿ ಇಲ್ಲಿನ ಆರೋಗ್ಯ ಕಾರ್ಯಕರ್ತೆ ಯಾವ ತಿಂಗಳಿಂದ ಬೇಸರ ಎಂದು ಕೇಳಿದರಷ್ಟೇ ಸಾಲದು. ಹೋದ ವರ್ಷ ಅದೇ ತಿಂಗಳು ನಿದ್ದೆ ಹೇಗಿತ್ತು, ಆಗ ಕಾಲುವೆಗೆ ನೀರಿತ್ತೇ ಎಂಬುದನ್ನೂ ಕೇಳಿ ಬರೆದುಕೊಳ್ಳಬೇಕಾಗುತ್ತದೆ.