ಝಹ್ರಾವಿಯ ದಾರ ಮತ್ತು ಇಂದಿನ ಲೇಸರ್

ಮೂತ್ರಪಿಂಡದ ಕಲ್ಲಿನ ನೋವು ಉಂಡವರಿಗೇ ಗೊತ್ತು. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳ ಕಬ್ಬಿನ ಹೊಲಗಳಲ್ಲಿ ಬಿಸಿಲಿಗೆ ಬೆವರು ಸುರಿಸಿ, ನೀರು ಕಡಿಮೆ ಕುಡಿಯುವವರಿಗೆ ಇದರ ಅಪಾಯ ಹೆಚ್ಚು. ಚಿಕಿತ್ಸೆಗೆ ಇಲ್ಲಿನವರು ಬೆಳಗಾವಿಗೋ ಗಡಿಯಾಚೆಯ ಕೊಲ್ಲಾಪುರ, ಮಿರಜಗಳಿಗೋ ಹೋಗುತ್ತಾರೆ. 1894ರಲ್ಲಿ ಡಾ. ವಿಲಿಯಂ ವಾನ್‌ಲೆಸ್ ಮಿರಜದಲ್ಲಿ ಮಿಶನ್ ಆಸ್ಪತ್ರೆ ತೆರೆದಾಗಿನಿಂದ ಆ ಊರಿಗೆ ವೈದ್ಯಕೀಯದ ಹೆಸರಿದೆ. ಈಗ ರೋಗಿಯ ಮುಂದೆ ಹೊಸ ಪ್ರಶ್ನೆಯೊಂದು ಬರುತ್ತದೆ: ಹೋಲ್ಮಿಯಂ ಲೇಸರೋ, ಥೂಲಿಯಂ ಲೇಸರೋ? ಹೊಸದೆಂಬ ಕಾರಣಕ್ಕೆ ಹೆಚ್ಚು ಹಣ ಕೇಳಿದರೆ ಬಡ ರೈತ ಸಾಲ ಮಾಡಬೇಕೇ? ಇದಕ್ಕೆ ಇತಿಹಾಸದಲ್ಲಿ ಉತ್ತರ ಹುಡುಕೋಣ.

ನಮ್ಮ ನಾಡಿನ ಸುಶ್ರುತ ಮೂತ್ರಕೋಶದ ಕಲ್ಲನ್ನು ಕೊಯ್ದು ತೆಗೆಯುವ ವಿಧಾನವನ್ನು ವಿವರಿಸಿದ್ದ. ಅದು ಪ್ರಾಣಾಪಾಯದ ಕೆಲಸವೆಂದೂ ಅವನಿಗೆ ತಿಳಿದಿತ್ತು. ಇಸ್ಲಾಮೀ ಸ್ಪೇನಿನ ಕೊರ್ಡೋವಾದಲ್ಲಿ ಬಾಳಿದ ಅಬುಲ್ ಕಾಸಿಮ್ ಅಲ್ ಝಹ್ರಾವಿ (936-1013) ಇನ್ನೊಂದು ದಾರಿ ತೋರಿಸಿದರು. ತಮ್ಮ 30 ಭಾಗಗಳ 'ಅತ್ತಸ್ರೀಫ್' ಗ್ರಂಥದಲ್ಲಿ, ಮೂತ್ರನಾಳದಲ್ಲಿ ಸಿಕ್ಕಿಬಿದ್ದ ಕಲ್ಲನ್ನು ಕೊಯ್ಯದೆ, 'ಮಿಶ್‌ಅಬ್' ಎಂಬ ಸಣ್ಣ ಬೈರಿಗೆಯಿಂದ ಕೊರೆದು ಒಡೆಯುವ ಕ್ರಮ ಹೇಳಿದರು. ಕಲ್ಲು ಹಿಂದಕ್ಕೆ ಜಾರದಂತೆ ಅದರ ಹಿಂಬದಿಗೆ ದಾರ ಕಟ್ಟಬೇಕೆಂದೂ ಸೂಚಿಸಿದರು. ಕಲ್ಲು ಜಾರಬಾರದು, ಸುತ್ತಲಿನ ಮಾಂಸಕ್ಕೆ ಗಾಯವಾಗಬಾರದು: ಸಾವಿರ ವರ್ಷಗಳ ನಂತರವೂ ವೈದ್ಯರ ಸಮಸ್ಯೆ ಇದೇ.

1824ರಲ್ಲಿ ಪ್ಯಾರಿಸ್‌ನ ಜಾನ್ ಸಿವಿಯಾಲ್ ಮೂತ್ರದ್ವಾರದ ಮೂಲಕವೇ ಉಪಕರಣ ತೂರಿಸಿ ಮೂತ್ರಕೋಶದ ಕಲ್ಲನ್ನು ಪುಡಿ ಮಾಡಿದರು. 1960ರಲ್ಲಿ ಲೇಸರ್ ಹುಟ್ಟಿತು. 1968ರಲ್ಲಿ ಮಾಣಿಕ್ಯದ ಲೇಸರನ್ನು ಕಲ್ಲಿನ ಮೇಲೆ ಪ್ರಯೋಗಿಸಿದರು. ಕಲ್ಲು ಒಡೆಯಿತು, ಆದರೆ ಅದರ ವಿಪರೀತ ಶಾಖದಿಂದಾಗಿ ಮನುಷ್ಯರಿಗೆ ಬಳಸಲಾಗಲಿಲ್ಲ. 1980ರ ದಶಕದ ಡೈ ಲೇಸರಿಗೆ ಕೆಲವು ಗಟ್ಟಿ ಕಲ್ಲುಗಳು ಮಣಿಯಲಿಲ್ಲ. 1990ರ ದಶಕದಲ್ಲಿ ಬಂದ ಹೋಲ್ಮಿಯಂ ಎಲ್ಲ ಬಗೆಯ ಕಲ್ಲನ್ನೂ ಒಡೆದು ಎಲ್ಲೆಡೆ ನೆಲೆಯೂರಿತು.

ಹೋಲ್ಮಿಯಂ ಕಿರಣದ ತರಂಗಾಂತರ ಸುಮಾರು 2100 ನ್ಯಾನೋಮೀಟರ್, ಥೂಲಿಯಂ ಫೈಬರ್ ಲೇಸರಿನದು 1940. ಎರಡನೆಯದನ್ನು ನೀರು ಸುಮಾರು ನಾಲ್ಕು ಪಟ್ಟು ಹೆಚ್ಚು ಹೀರುತ್ತದೆ. ಅದು ಕಲ್ಲನ್ನು ನುಣ್ಣಗೆ ಪುಡಿ ಮಾಡುತ್ತದೆ, ಹಿಂದಕ್ಕೆ ತಳ್ಳುವುದೂ ಕಡಿಮೆ. ಝಹ್ರಾವಿಯ ದಾರದ ಕೆಲಸ ಇಲ್ಲಿ ಕಿರಣದಿಂದಲೇ ಅಷ್ಟಿಷ್ಟು ಆಗುತ್ತದೆ. ಯಂತ್ರವೂ ಚಿಕ್ಕದು. ಸಾಮಾನ್ಯ ವಿದ್ಯುತ್ ಸಂಪರ್ಕದಲ್ಲೇ ನಡೆಯುವುದರಿಂದ ಸಣ್ಣ ಊರಿನ ಆಸ್ಪತ್ರೆಗೂ ಒಗ್ಗುತ್ತದೆ. ಆದರೆ ಎರಡರಲ್ಲೂ ಶಾಖವಿದೆ. ನೀರು ಸರಿಯಾಗಿ ಹಾಯಿಸದಿದ್ದರೆ ಒಳಗೆ ಸುಡಬಹುದು.

ಹಾಗಾದರೆ ಯಾವುದು ಮೇಲು? 2022ರಲ್ಲಿ ಪ್ರಕಟವಾದ ನಾರ್ವೆಯ ಅಧ್ಯಯನದಲ್ಲಿ ಮೂತ್ರಪಿಂಡದೊಳಗಿನ ಕಲ್ಲಿಗೆ ಥೂಲಿಯಂ ಮೇಲೆನಿಸಿತು. 2023ರಲ್ಲಿ ಅಮೆರಿಕದವರು ಅದನ್ನು ಸುಧಾರಿತ ಹೋಲ್ಮಿಯಂ ಜೊತೆ ಹೋಲಿಸಿದಾಗ ಶಸ್ತ್ರಕ್ರಿಯೆಯ ಸಮಯದಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ಅಂದರೆ ಹೊಸ ಹೆಸರು ಕೇಳಿ ಸಾಲ ಮಾಡುವ ಅಗತ್ಯವಿಲ್ಲ. ಕಲ್ಲು ಎಲ್ಲಿದೆ, ಎಷ್ಟು ದೊಡ್ಡದು, ಸೋಂಕು ಇದೆಯೇ, ವೈದ್ಯರ ಕೈ ಎಷ್ಟು ಪಳಗಿದೆ ಎಂಬುದನ್ನು ಮೊದಲು ಕೇಳಬೇಕು. ಒಳಗೆ ನಳಿಕೆ ಇಟ್ಟಿದ್ದರೆ ಅದನ್ನು ತೆಗೆಯುವ ದಿನಾಂಕ ಬರೆಸಿಕೊಳ್ಳಬೇಕು. ನೋವು ನಿಂತಿತೆಂದು ಅದನ್ನು ಮರೆತರೆ ಅದರ ಮೇಲೇ ಕಲ್ಲು ಬೆಳೆಯುತ್ತದೆ. ಹೊಲಕ್ಕೆ ಹೋಗುವಾಗ ಬುತ್ತಿಯ ಜೊತೆ ನೀರಿನ ಕೊಡವೂ ಇರಲಿ.