ಸಾಹೇಬನ ಕಾಗದ, ನುಡಿಯ ಕಡತ

1840ರ ದಶಕದ ಸುರಪುರದ ಬಗ್ಗೆ ಯಾರೇ ಬರೆಯಲಿ, ಮೆಡೋಸ್ ಟೇಲರನ ಬಾಗಿಲು ತಟ್ಟಲೇಬೇಕು. 1841ರಲ್ಲಿ ಬಂದ ಈ ಅಧಿಕಾರಿ 1853ರವರೆಗೆ ಇಲ್ಲಿದ್ದ. ಆಡಳಿತದ ನಡುವೆಯೇ ರಾಜನಕೋಳೂರಿನ ಕಲ್ಲುಗೋರಿಗಳು, ಶಹಾಪುರದ ಹತ್ತಿರದ ವಿಭೂತಿಹಳ್ಳಿಯ ಕಲ್ಲುಸಾಲುಗಳ ವಿವರ ಬರೆದಿಟ್ಟ. ಅವನ ಆತ್ಮಕತೆ ಅಚ್ಚಾದದ್ದು 1877ರಲ್ಲಿ, ಅವನು ತೀರಿಕೊಂಡ ಮರುವರ್ಷ, ಸಂಪಾದಿಸಿದವಳು ಮಗಳು. ರಾಜಾ ವೆಂಕಟಪ್ಪ ನಾಯಕರ ಬಾಲ್ಯವನ್ನೂ ನಾವು ಬಹುಪಾಲು ನೋಡುವುದು ಈ ಸಾಹೇಬನ ಕಣ್ಣಿನಿಂದಲೇ. ಅದು ಪೂರ್ತಿ ನಿಜವೇ ಎಂಬ ಜಗಳ ಬೇರೆ. ಕಾಗದ ಉಳಿಯಿತು, ಇನ್ನೊಬ್ಬರು ಓದಿದರು.

ನಮ್ಮ ಕಡತಗಳ ಕತೆ ಹಾಗಿಲ್ಲ. ಯಾದಗಿರಿ ಇನ್ನೂ ಗುಲ್ಬರ್ಗ ಜಿಲ್ಲೆಯಲ್ಲಿದ್ದ ಕಾಲಕ್ಕೆ ಕನ್ನಡ ಟೈಪಿಂಗ್ ಅಂದರೆ ನುಡಿ, ಬರಹ, ಶ್ರೀಲಿಪಿ. ಶೇಷಾದ್ರಿವಾಸು ಅವರ ಬರಹ ಬಂದದ್ದು 1998ರಲ್ಲಿ. ನುಡಿ ಕನ್ನಡ ಗಣಕ ಪರಿಷತ್ತಿನದು. ಅವರ ಋಣ ದೊಡ್ಡದು. ಆದರೆ ಆ ಹಳೆಯ ಕಡತಗಳ ಒಳಗೆ ಕನ್ನಡವೇ ಇರಲಿಲ್ಲ. ಇಂಗ್ಲಿಷ್ ಅಕ್ಷರಗಳ ಸಂಕೇತಗಳಿಗೆ ಫಾಂಟು ಕನ್ನಡದ ವೇಷ ಹಾಕುತ್ತಿತ್ತು. ಫಾಂಟು ಹೋದರೆ ಉಳಿಯುವುದು ಅರ್ಥವಿಲ್ಲದ ಚಿಹ್ನೆಗಳ ಸಾಲು. 1991ರ ಯೂನಿಕೋಡಿನಲ್ಲೇ ಕನ್ನಡಕ್ಕೆ ಜಾಗವಿತ್ತು, 2001ರ ವಿಂಡೋಸ್ ಎಕ್ಸ್‌ಪಿ ಅದನ್ನು ತೋರಿಸುತ್ತಿತ್ತು. ಆದರೂ ಪುಟ ಕಟ್ಟುವ ತಂತ್ರಾಂಶಗಳಿಗೆ ಅದು ಬಹುಕಾಲ ಒಗ್ಗಲಿಲ್ಲ. ಪತ್ರಿಕೆಗಳು ಹಳೆಯದಕ್ಕೇ ಅಂಟಿಕೊಂಡವು. ಕಾಲುವೆ ನೀರಿನ ಜಗಳ, ಭೀಮೆಯ ಪ್ರವಾಹ, ಗುಳೆ ಹೋದವರ ಹೆಸರು: ಎಷ್ಟೋ ವರದಿಗಾರರ ಟಿಪ್ಪಣಿ ಈಗ ಸಿಡಿಗಳಲ್ಲಿ ಮೂಕವಾಗಿದೆ. ಪರಿವರ್ತಕಗಳಿವೆ, ನಿಜ. ಒತ್ತಕ್ಷರ, ಅರ್ಕಾವತ್ತು ಬಂದಲ್ಲಿ ಅವು ಎಡವುತ್ತವೆ, ಮನುಷ್ಯರ ಹೆಸರೇ ಬದಲಾಗಿಬಿಡುತ್ತದೆ.

ಹಾಗಾಗಿ ಟಿಪ್ಪಣಿಗೆ ಯಾವ ತಂತ್ರಾಂಶ ಎಂದು ಕೇಳುವವರಿಗೆ ನನ್ನ ಮೊದಲ ಪ್ರಶ್ನೆ: ಕಡತ ಎಲ್ಲಿ ಕೂತಿರುತ್ತದೆ, ಬೇರೆ ಯಾವುದರಲ್ಲಾದರೂ ತೆರೆದೀತೆ? ಮುಕ್ತ ತಂತ್ರಾಂಶಗಳೂ ಸಾಯುತ್ತವೆ, ಆದರೆ ಸಾಯುವ ರೀತಿ ಬೇರೆ. ಲಿನಕ್ಸ್‌ನಲ್ಲಿ ಹೆಸರಾಗಿದ್ದ ಟಾಂಬಾಯ್ ಹುಟ್ಟಿದ್ದು 2004ರಲ್ಲಿ. ಅದು ನಿಂತಿದ್ದ ಮೋನೋ ಎಂಬ ತಳಪಾಯದ ಬಗ್ಗೆ ತಕರಾರು ಎದ್ದಾಗ, 2009ರಲ್ಲಿ ಇನ್ನೊಬ್ಬರು ಅದನ್ನೇ ಬೇರೆ ಭಾಷೆಯಲ್ಲಿ ಬರೆದು ಜಿನೋಟ್ ಎಂದು ಕರೆದರು. ಹಳೆಯ ಟಿಪ್ಪಣಿಗಳು ಅದರೊಳಕ್ಕೆ ನಡೆದುಕೊಂಡು ಬಂದವು. ಒಂದೇ ಕಂಪನಿಯ ಮುಚ್ಚಿದ ಸೇವೆಯಲ್ಲಿ ಹೀಗಾಗುವುದಕ್ಕೆ ಕಂಪನಿಯ ಮನಸ್ಸು ಬೇಕು.

ಹಳೆಯ ಲ್ಯಾಪ್‌ಟಾಪು, ಪದೇಪದೇ ಹೋಗುವ ಕರೆಂಟು ಇರುವವರಿಗೆ ನಾನು ಹೇಳುವುದು ಜಿಮ್. ಪ್ರತಿ ಪುಟವೂ ಒಂದು ಸಾದಾ ಪಠ್ಯ ಕಡತ, ನೋಟ್‌ಪ್ಯಾಡಿನಲ್ಲೂ ತೆರೆಯುತ್ತದೆ. ಮೊಬೈಲಿನಲ್ಲೂ ಬೇಕೆಂದರೆ ಜಾಪ್ಲಿನ್. ಅದು ಟಿಪ್ಪಣಿಗಳನ್ನು ತನ್ನದೇ ದತ್ತಾಂಶ ಕೋಶದಲ್ಲಿಡುತ್ತದೆ, ಆಗಾಗ ಮಾರ್ಕ್‌ಡೌನ್ ಕಡತಗಳಾಗಿ ಹೊರತೆಗೆದಿಡಬೇಕು. ಇನ್ನೊಂದು ಮಾತು ಮರೆಯಬೇಡಿ: ಜಾಪ್ಲಿನ್‌ನ ಗೂಢಲಿಪಿ ಕಾಯುವುದು ಒಂದು ಸಾಧನದಿಂದ ಇನ್ನೊಂದಕ್ಕೆ ಹೋಗುವ ಪ್ರತಿಯನ್ನು, ನಿಮ್ಮ ಲ್ಯಾಪ್‌ಟಾಪಿನಲ್ಲಿರುವುದನ್ನಲ್ಲ. ಮಾಹಿತಿ ಕೊಟ್ಟವರ ಹೆಸರು ಟಿಪ್ಪಣಿಯಲ್ಲಿದ್ದರೆ ಡಿಸ್ಕಿಗೇ ಬೀಗ ಹಾಕಿ, ಒಂದು ಪ್ರತಿ ಪೆನ್‌ಡ್ರೈವಿನಲ್ಲಿ ಮನೆಯಲ್ಲಿಡಿ. ಆ ಪೆನ್‌ಡ್ರೈವಿಗೂ ಬೀಗವಿರಲಿ.